ಗೊಬ್ಬರ ಹಾಕಿದರೂ ಹಳದಿಯಾಗುವ ಗಿಡ

ತಾಳವಾಡಿ ಕಡೆಯ ನಮ್ಮ ಊರುಗಳಲ್ಲಿ ಮನೆ ಭೇಟಿಗೆ ಹೋದಾಗ ಹಿತ್ತಿಲಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ: "ಸ್ವಾಮಿ, ಎಷ್ಟು ಗೊಬ್ಬರ ಹಾಕಿದರೂ ನಿಂಬೆ ಗಿಡ ಹಳದಿಯಾಗುತ್ತಿದೆ." ಗುಲಾಬಿ, ಕರಿಬೇವುಗಳದೂ ಇದೇ ಕಥೆ. ಮನೆಯವರು ಇನ್ನೊಂದು ಹಿಡಿ ಯೂರಿಯಾ ಹಾಕುತ್ತಾರೆ. ಗಿಡ ಚೇತರಿಸದಿದ್ದರೆ ಕಿತ್ತೆಸೆಯುತ್ತಾರೆ. ಅದಕ್ಕೆ ಮೊದಲು ಹಾಕುತ್ತಿರುವ ನೀರನ್ನು ಸ್ವಲ್ಪ ಗಮನಿಸಬೇಕೆಂದು ನಮ್ಮ ಸಲಹೆ.

ಮೊದಲು ಎಲೆ ನೋಡಿ. ಕೆಳಗಿನ ಹಳೆಯ ಎಲೆ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಅಲ್ಲಿ ಗೊಬ್ಬರ ಬೇಕು. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣಾಂಶದ ಕೊರತೆಯ ಗುರುತು. ವಿಚಿತ್ರವೆಂದರೆ, ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಬೇರಿಗೆ ಅದು ದಕ್ಕುವುದಿಲ್ಲ.

ಕಾರಣ ರಸಸಾರ, ಅಂದರೆ ಪಿ.ಹೆಚ್. ಇದರಲ್ಲಿ 7 ತಟಸ್ಥ. ಕೆಳಗಿನದು ಹುಳಿ, ಮೇಲಿನದು ಕ್ಷಾರ. ಒಂದು ಅಂಕಿ ಏರಿದರೆ ವ್ಯತ್ಯಾಸ ಹತ್ತು ಪಟ್ಟು. ಹೆಚ್ಚಿನ ಗಿಡಗಳಿಗೆ 6ರಿಂದ 7ರ ಒಳಗೆ ಹಿತ. 7.5 ದಾಟಿದರೆ ಕಬ್ಬಿಣ, ಸತು, ರಂಜಕಗಳು ಕರಗದ ರೂಪಕ್ಕೆ ತಿರುಗುತ್ತವೆ. ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ಕೊಳವೆ ಬಾವಿ ನೀರು ಸಾಮಾನ್ಯವಾಗಿ ಕ್ಷಾರದ ಕಡೆಯದು. ನೆಲದ ಗಿಡ ಇದನ್ನು ಕೆಲಕಾಲ ತಾಳಿಕೊಳ್ಳುತ್ತದೆ. ಕುಂಡದಲ್ಲಿ ಮಣ್ಣು ಕಡಿಮೆ, ಆದ್ದರಿಂದ ನೀರಿನ ಗುಣವೇ ಬೇಗ ಮಣ್ಣಿನ ಗುಣವಾಗುತ್ತದೆ.

ಕಣ್ಣಾರೆ ನೋಡಬೇಕೆಂದರೆ ಚಿಟಿಕೆ ಅನ್ನಭೇದಿಯನ್ನು ಇಂಥ ನೀರಿಗೆ ಹಾಕಿಡಿ. ಸ್ವಲ್ಪ ಹೊತ್ತಿನಲ್ಲಿ ತುಕ್ಕಿನ ಬಣ್ಣದ ಗಸಿ ತಳಕ್ಕೆ ಇಳಿಯುತ್ತದೆ. ದುಡ್ಡು ಕೊಟ್ಟು ತಂದ ಕಬ್ಬಿಣ ಬೇರಿಗೆ ಸಿಗದೆ ಹೋಗುವುದು ಹೀಗೆಯೇ.

ಅಳೆಯಲು ಪಿ.ಹೆಚ್. ಕಾಗದ ಸಾಕು. ಅರಿಶಿನದ ಪರೀಕ್ಷೆ ನಂಬಬೇಡಿ; ಸುಣ್ಣಕ್ಕೆ ಕೆಂಪಾಗುವ ಅರಿಶಿನ ಬಾವಿನೀರಿನ ಸಣ್ಣ ಕ್ಷಾರಕ್ಕೆ ಬಣ್ಣ ಬದಲಿಸದೆ ಇರಬಹುದು. ಬಕೆಟ್ ನೀರಿಗೆ ಮೊದಲು ಗೊಬ್ಬರ ಕರಗಿಸಿ, ಏಕೆಂದರೆ ಗೊಬ್ಬರವೂ ರಸಸಾರ ಬದಲಿಸಬಲ್ಲದು. ನಂತರ ನಿಂಬೆರಸವನ್ನು ಚಮಚ ಚಮಚವಾಗಿ ಹಾಕಿ ಕಲಕಿ, ಕಾಗದ 6.5ರ ಹತ್ತಿರ ಬಣ್ಣ ತೋರಿದಾಗ ನಿಲ್ಲಿಸಿ. ಗಡಸು ನೀರು ಹುಳಿಯನ್ನು ನುಂಗುತ್ತಾ ಹೋಗುವುದರಿಂದ ಇಷ್ಟೇ ಚಮಚ ಎಂದು ಹೇಳಲಾಗದು. ಅದೇ ದಿನ ಬಳಸಿ. ಇಟ್ಟರೆ ರಸಸಾರ ಮತ್ತೆ ಏರುತ್ತದೆ. ಬ್ಯಾಟರಿ ಆಸಿಡ್ ಮಾತ್ರ ಬೇಡವೇ ಬೇಡ. ಅದು ಕೈ ಕಣ್ಣು ಸುಡುತ್ತದೆ, ಹಳೆಯ ಬ್ಯಾಟರಿಯದಾದರೆ ಸೀಸದ ವಿಷವೂ ತರಕಾರಿ ಮಣ್ಣಿಗೆ ಸೇರುತ್ತದೆ.

ನಿಂಬೆಗಿಂತ ಅಗ್ಗವಾದದ್ದು ಮಳೆನೀರು. ಸಹಜವಾಗಿಯೇ ತುಸು ಹುಳಿ, ಸುಮಾರು 5.6. ಹೆಂಚಿನ ಮೇಲಿನ ನೀರನ್ನು ಡ್ರಮ್ಮಿಗೆ ಹಿಡಿದು, ಸೊಳ್ಳೆ ಮೊಟ್ಟೆಯಿಡದಂತೆ ಬಟ್ಟೆ ಕಟ್ಟಿ. ಈಗಾಗಲೇ ಹಳದಿಯಾದ ಗಿಡಕ್ಕೆ ಈ ನೀರು ಒಂದು ಲೀಟರಿಗೆ 5 ಗ್ರಾಂ ಅನ್ನಭೇದಿ, ಅರ್ಧ ನಿಂಬೆಯ ರಸ ಬೆರೆಸಿ, ಸಂಜೆ ಎಲೆಗೆ ಸಿಂಪಡಿಸಿ. ಮೊದಲು ಒಂದು ಕೊಂಬೆಗೆ ಮಾತ್ರ ಹೊಡೆದು ನೋಡಿ. ಬುಡಕ್ಕೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಕೊಡಿ. ಒಲೆಯ ಬೂದಿ, ಮೊಟ್ಟೆ ಚಿಪ್ಪು ಹಾಕಬೇಡಿ, ಅವು ಕ್ಷಾರ ಹೆಚ್ಚಿಸುತ್ತವೆ.

ನೀರು ಬಾಯಿಗೆ ಉಪ್ಪೆನಿಸಿದರೆ ಅದು ಬೇರೆ ತೊಂದರೆ, ನಿಂಬೆಯಿಂದ ಹೋಗದು. ಇನ್ನು ನೀಲಗಿರಿಯಲ್ಲಿ ನೆಂಟರಿರುವವರು ಈ ಸಲಹೆಯನ್ನು ಅಲ್ಲಿಗೆ ಒಯ್ಯಬೇಡಿ. ಚಹಾ ಬೆಳೆಯುವ ಆ ಮಣ್ಣು ಮೊದಲೇ ಹುಳಿ; ಅಲ್ಲಿ ತರಕಾರಿಗೆ ಸುಣ್ಣವೇ ಬೇಕಾಗುತ್ತದೆ.