ಕೆಸರಿನ ಕುದುರೆಗೆ ಮರುಹುಟ್ಟು

ಯುರೋಪಿನ ಯಾವುದೋ ಹಳ್ಳಿಯ ಕಣಜದ ಮೂಲೆಯಲ್ಲಿ, ಹುಲ್ಲಿನ ಹೊರೆಗಳ ಹಿಂದೆ, ಮೂವತ್ತು ನಾಲ್ವತ್ತು ವರ್ಷಗಳಿಂದ ಯಾರೂ ಮುಟ್ಟದ ಮೋಟಾರ್ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿರುತ್ತದೆ. ಅದಕ್ಕೆ ದೀಪವಿಲ್ಲ, ಹಾರ್ನ್ ಇಲ್ಲ. ಟ್ಯಾಂಕು ನೆಗ್ಗಿದೆ, ಎಂಜಿನ್ನಿನ ಮೇಲೆ ಬಿಳಿಯ ಬೂಷ್ಟಿನಂತಹ ಪುಡಿ ಕವಿದಿದೆ. ಗುಜರಿಯವನು ಕಂಡರೆ ತೂಕ ಹಾಕಿ ಕೊಂಡೊಯ್ದಾನು. ಬಲ್ಲವನು ಕಂಡರೆ ಮಾತನಾಡದೆ ಮಂಡಿಯೂರಿ ಕುಳಿತು, ಚೌಕಟ್ಟಿನ ಮೇಲೆ ಒತ್ತಿದ ಅಂಕಿಗಳನ್ನು ಅಂಗವಸ್ತ್ರದ ತುದಿಯಿಂದ ಒರೆಸಿ ಓದುತ್ತಾನೆ. ಆ ಅಂಕಿಗಳು ನಿಜವಾಗಿದ್ದರೆ ಅವನೆದುರಿಗಿರುವುದು ತುಕ್ಕಿನ ರಾಶಿಯಲ್ಲ; ಒಂದು ಕಾಲಕ್ಕೆ ಜಗತ್ತನ್ನೇ ಗೆದ್ದ ಪಂದ್ಯದ ಗಾಡಿ.

ಅಂತಹ ಗಾಡಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ಈಗ ಹಲವು ದೇಶಗಳಲ್ಲಿ ಒಂದು ಹವ್ಯಾಸವಾಗಿ, ಕೆಲವರಿಗೆ ಕಸುಬಾಗಿಯೂ ಬೆಳೆದಿದೆ. ಹೊರಗಿನವರಿಗೆ ಇದು ಹುಚ್ಚಿನಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಆ ಹುಚ್ಚಿನೊಳಗೆ ಎಷ್ಟು ವಿದ್ಯೆ, ಎಷ್ಟು ತಾಳ್ಮೆ ಅಡಗಿದೆಯೆಂಬುದನ್ನು ತಿಳಿಯಲು ಒಂದೇ ಒಂದು ಗಾಡಿಯ ಕಥೆ ಸಾಕು.

ಆಯುಧಾಗಾರದಿಂದ ಅಖಾಡಕ್ಕೆ

ರಸ್ತೆಯನ್ನು ಬಿಟ್ಟು ಗುಡ್ಡ, ಹಳ್ಳ, ಕೆಸರುಗಳ ಮೇಲೆ ಮೋಟಾರ್ ಸೈಕಲ್ಲುಗಳನ್ನು ಓಡಿಸುವ ಪಂದ್ಯ ಇಂಗ್ಲೆಂಡಿನ ಸರೆ ಪ್ರಾಂತದ ಕ್ಯಾಂಬರ್ಲಿಯಲ್ಲಿ 1924ರ ಮಾರ್ಚ್ 29ರಂದು ನಡೆಯಿತು. ಅದಕ್ಕೆ 'ಸ್ಕ್ರ್ಯಾಂಬಲ್' ಎಂದು ಹೆಸರು ಬಿತ್ತು. ಅದೇ ಮುಂದೆ ಯುರೋಪಿನಲ್ಲಿ 'ಮೋಟೋಕ್ರಾಸ್' ಆಗಿ ಬೆಳೆಯಿತು. 1950ರ ದಶಕದಲ್ಲಿ ಬ್ರಿಟನ್ನಿನ ಭಾರವಾದ ನಾಲ್ಕು ಸ್ಟ್ರೋಕಿನ ಗಾಡಿಗಳು ಈ ಅಖಾಡದಲ್ಲಿ ಮೆರೆದವು. ಮುಂದಿನ ದಶಕದಲ್ಲಿ ಹಗುರಾದ ಎರಡು ಸ್ಟ್ರೋಕಿನ ಗಾಡಿಗಳು ಬಂದು ಅವನ್ನು ಹಿಂದಕ್ಕೆ ತಳ್ಳಿದವು.

ಹಾಗೆ ತಳ್ಳಿದವುಗಳಲ್ಲಿ ಮುಖ್ಯವಾದುದು ಚೆಕೊಸ್ಲೊವಾಕಿಯಾದ ಸಿ.ಜೆಡ್. ದಕ್ಷಿಣ ಬೊಹೀಮಿಯಾದ ಸ್ಟ್ರಾಕೊನಿತ್ಸೆ ಎಂಬ ಸಣ್ಣ ಊರಿನಲ್ಲಿ 1919ರಲ್ಲಿ ಒಂದು ಆಯುಧಗಳ ಕಾರ್ಖಾನೆ ಹುಟ್ಟಿತು. ಸಿ.ಜೆಡ್. ಎಂಬ ಎರಡಕ್ಷರಗಳ ವಿಸ್ತಾರದ ಅರ್ಥವೇ 'ಚೆಕ್ ಆಯುಧಾಗಾರ'. ಬಂದೂಕು ಮಾಡುತ್ತಿದ್ದ ಕೈಗಳು ಮುಂದೆ ಬೈಸಿಕಲ್ಲನ್ನೂ, 1930ರ ದಶಕದಲ್ಲಿ ಮೋಟಾರ್ ಸೈಕಲ್ಲನ್ನೂ ಮಾಡತೊಡಗಿದವು. 1964ರಲ್ಲಿ ಬೆಲ್ಜಿಯಂ ದೇಶದ ಇಪ್ಪತ್ತರ ತರುಣ ಜೋಯೆಲ್ ರೋಬೇರ್ ಈ ಗಾಡಿಯನ್ನೇರಿ 250 ಸಿ.ಸಿ. ವರ್ಗದ ವಿಶ್ವವಿಜೇತನಾದ. ಮರುವರ್ಷ ಸೋವಿಯತ್ ಒಕ್ಕೂಟದ ವಿಕ್ಟರ್ ಅರ್ಬೆಕೊವ್ ಗೆದ್ದ. 500 ಸಿ.ಸಿ. ವರ್ಗದಲ್ಲಿ ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ 1968ರವರೆಗೆ ಸತತವಾಗಿ ಮೂರು ಬಾರಿ ಗೆದ್ದ. 1968 ಮತ್ತು 1969ರಲ್ಲಿ 250ರ ಕಿರೀಟ ಮತ್ತೆ ರೋಬೇರನ ಪಾಲಾಯಿತು. ಆರು ವರ್ಷಗಳಲ್ಲಿ ಏಳು ವಿಶ್ವಪ್ರಶಸ್ತಿಗಳು!

ಸವೆಯಲೆಂದೇ ಹುಟ್ಟಿದ್ದು

ಇಷ್ಟು ಕೀರ್ತಿ ಪಡೆದ ಗಾಡಿಗಳು ಇಂದು ಏಕೆ ದುರ್ಲಭ? ಕಾರಣ ಸರಳ. ಮನೆಯ ಗಾಡಿಯನ್ನು ಯಜಮಾನ ಒರೆಸಿ ಕಾಪಾಡುತ್ತಾನೆ. ಪಂದ್ಯದ ಗಾಡಿ ಹುಟ್ಟುವುದೇ ಸವೆಯುವುದಕ್ಕೆ. ಭಾನುವಾರ ಕೆಸರಿನಲ್ಲಿ ಬಿದ್ದದ್ದನ್ನು ಸೋಮವಾರ ನೆಟ್ಟಗೆ ಮಾಡಿ, ಚೌಕಟ್ಟು ಸೀಳಿದಲ್ಲಿ ಬೆಸುಗೆ ಹಾಕಿ, ಮುಂದಿನ ಭಾನುವಾರ ಮತ್ತೆ ಅದೇ ಕೆಸರಿಗೆ ಇಳಿಸುತ್ತಿದ್ದರು. ಎರಡು ವರ್ಷ ಕಳೆದರೆ ಹೊಸ ಮಾದರಿ ಬರುತ್ತಿತ್ತು, ಹಳೆಯದು ಮೂಲೆ ಸೇರುತ್ತಿತ್ತು. ಕಾರ್ಖಾನೆಯವರೂ ಪ್ರತಿ ವರ್ಷ ಏನಾದರೊಂದನ್ನು ಬದಲಾಯಿಸುತ್ತಿದ್ದರು. ಮೊದಲಿಗೆ ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆಗಳಿದ್ದವು, ಬಳಿಕ ಒಂದಾಯಿತು. ಹೀಗಾಗಿ ಒಂದು ವರ್ಷದ ಭಾಗ ಮತ್ತೊಂದು ವರ್ಷದ ಗಾಡಿಗೆ ಕೂರುವುದೆಂಬ ಭರವಸೆಯಿಲ್ಲ. ಕೊನೆಗೆ 1990ರ ದಶಕದಲ್ಲಿ ಸ್ಟ್ರಾಕೊನಿತ್ಸೆಯಲ್ಲಿ ಮೋಟಾರ್ ಸೈಕಲ್ಲಿನ ತಯಾರಿಕೆಯೇ ನಿಂತಿತು.

ಬಿಡಿಭಾಗಗಳ ಬೇಟೆ

ಗಾಡಿಯನ್ನು ಬಿಚ್ಚುವ ಮೊದಲು ನೂರಾರು ಭಾವಚಿತ್ರಗಳನ್ನು ತೆಗೆದಿಡುವುದು ಬಲ್ಲವರ ಮೊದಲ ನಿಯಮ. ಬಿಚ್ಚಿದ ಪ್ರತಿ ಬೋಲ್ಟಿಗೂ ಒಂದು ಚೀಟಿ. ಆನಂತರ ಕಾರ್ಖಾನೆಯ ಹಳೆಯ ಭಾಗಪಟ್ಟಿಯನ್ನು ಎದುರಿಗಿಟ್ಟುಕೊಂಡು ಇರುವುದು, ಇಲ್ಲದಿರುವುದು, ಇದ್ದೂ ಕೆಲಸಕ್ಕೆ ಬಾರದಿರುವುದು ಎಂದು ಮೂರು ಪಟ್ಟಿ ಮಾಡಬೇಕು. ಮೂರನೆಯ ಪಟ್ಟಿಯೇ ಯಾವಾಗಲೂ ಉದ್ದ.

ಬೇಟೆ ಆರಂಭವಾಗುವುದು ಇಲ್ಲಿಂದ. ಇಂಗ್ಲೆಂಡಿನ ಹ್ಯಾಂಪ್‌ಷೈರಿನ ಬ್ಯೂಲಿಯಲ್ಲಿರುವ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯದ ಆವರಣದಲ್ಲಿ 1967ರಿಂದ ಹಳೆಯ ಬಿಡಿಭಾಗಗಳ ದೊಡ್ಡ ಜಾತ್ರೆಯೊಂದು ನಡೆದುಬಂದಿದೆ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿರುವ ಬಾರ್ಬರ್ ವಸ್ತುಸಂಗ್ರಹಾಲಯದ ಉತ್ಸವವೂ ಅಂತಹುದೇ. ಚಾಪೆಯ ಮೇಲೆ ಹರಡಿದ ತುಕ್ಕುಹಿಡಿದ ಗಿಯರುಗಳ ನಡುವೆ, ಯಾವುದೋ ಮುಚ್ಚಿಹೋದ ಅಂಗಡಿಯ ಎಣ್ಣೆ ಕಾಗದದ ಪೊಟ್ಟಣ ಒಡೆಯದೆ ಉಳಿದುಬಂದಿರುತ್ತದೆ. ಕಾರ್ಖಾನೆಯಿಂದ ಬಂದಂತೆಯೇ ಇರುವ ಅಂತಹ ಭಾಗಕ್ಕೆ ಬೆಲೆ ಕಟ್ಟುವುದು ಕಷ್ಟ. ಅದು ಅಕ್ಕಸಾಲಿಗನ ತೂಕದಂತೆ ನಡೆಯುವ ವ್ಯಾಪಾರವಲ್ಲ, ಬೇಕಾದವನ ಕಾತರದ ಮೇಲೆ ನಿಂತ ವ್ಯಾಪಾರ.

ಮೋಸವೂ ಇಲ್ಲಿ ಇಲ್ಲದಿಲ್ಲ. ಸಾಮಾನ್ಯ ಗಾಡಿಯ ಚೌಕಟ್ಟಿನ ಅಂಕಿಗಳನ್ನು ಅಳಿಸಿ, ಪಂದ್ಯದ ಗಾಡಿಯ ಅಂಕಿಗಳನ್ನು ಹೊಸದಾಗಿ ಒತ್ತುವವರಿದ್ದಾರೆ. ಆದುದರಿಂದಲೇ ಅಂಕಿಯ ಸುತ್ತಲಿನ ಲೋಹ ಉಜ್ಜಿದಂತಿದೆಯೇ, ಅಕ್ಷರದ ಆಕಾರ ಕಾರ್ಖಾನೆಯದೇ ಎಂದು ಭೂತಗನ್ನಡಿ ಹಿಡಿದು ನೋಡುವುದು.

ಹೊಂದದ ಪಿಸ್ಟನ್, ಉರಿಯುವ ಲೋಹ

ಹುಡುಕಿದರೂ ಸಿಗದಿದ್ದುದನ್ನು ಹೊಸದಾಗಿ ಮಾಡಬೇಕು. ಪಿಸ್ಟನ್ನನ್ನೇ ನೋಡಿ. ಸಿ.ಜೆಡ್. 250ರ ಸಿಲಿಂಡರಿನ ಒಳವ್ಯಾಸ 70 ಮಿಲಿಮೀಟರು, ಪಿಸ್ಟನ್ನಿನ ಚಲನೆ 64 ಮಿಲಿಮೀಟರು. 70ರ ಯಾವುದಾದರೂ ಪಿಸ್ಟನ್ ತಂದು ಹಾಕಿದರೆ ಆಗದೇ? ಆಗದು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಬೇರೆ ಕವಾಟಗಳಿಲ್ಲ. ಪಿಸ್ಟನ್ನಿನ ಅಂಚೇ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುವ ಬಾಗಿಲು. ಪಿನ್ನಿನಿಂದ ತಲೆಯವರೆಗಿನ ಎತ್ತರ ಒಂದೆರಡು ಮಿಲಿಮೀಟರು ಬೇರೆಯಾದರೂ ಬಾಗಿಲು ಅಕಾಲದಲ್ಲಿ ತೆರೆಯುತ್ತದೆ.

ಎರಕದ ಭಾಗಗಳದು ಇನ್ನೊಂದು ತೊಡಕು. ಹಳೆಯ ಮುಚ್ಚಳವೊಂದನ್ನೇ ಮಾದರಿಯಾಗಿ ಮರಳಿನಲ್ಲಿ ಒತ್ತಿ ಅಲ್ಯೂಮಿನಿಯಂ ಹೊಯ್ದರೆ, ಲೋಹ ಆರುವಾಗ ಶೇಕಡಾ ಒಂದಕ್ಕಿಂತ ತುಸು ಹೆಚ್ಚಾಗಿ ಕುಗ್ಗಿ, ಹೊಸ ಮುಚ್ಚಳ ಚಿಕ್ಕದಾಗಿ ಹುಟ್ಟುತ್ತದೆ. ಆದ್ದರಿಂದ ಕುಗ್ಗುವಷ್ಟನ್ನು ಮೊದಲೇ ಕೂಡಿಸಿ ಅಚ್ಚು ಮಾಡಬೇಕು. ಭಾರ ಇಳಿಸಲೆಂದು ಆ ಕಾಲದ ಪಂದ್ಯದ ಗಾಡಿಗಳಲ್ಲಿ ಮೆಗ್ನೀಸಿಯಂ ಬಳಸುತ್ತಿದ್ದುದೂ ಉಂಟು. ಅದು ಅಲ್ಯೂಮಿನಿಯಮ್ಮಿನ ಮೂರರಲ್ಲಿ ಎರಡು ಪಾಲಿನಷ್ಟೇ ತೂಗುತ್ತದೆ. ಆದರೆ ತೇವ ತಗಲಿದರೆ ಬಿಳಿಯ ಪುಡಿಯಾಗಿ ಕರಗುತ್ತ ಹೋಗುತ್ತದೆ. ಅದನ್ನು ಉಜ್ಜುವಾಗ ಏಳುವ ಪುಡಿಗೆ ಕಿಡಿ ತಾಗಿದರೆ ಕಣ್ಣು ಕೋರೈಸುವಂತೆ ಉರಿಯುತ್ತದೆ. ಆ ಬೆಂಕಿಗೆ ನೀರು ಸುರಿದರೆ ಇನ್ನಷ್ಟು ಹೆಚ್ಚುವುದು. ಒಣ ಮರಳಿನಿಂದ ಮುಚ್ಚಬೇಕು.

ಉಸಿರಿನ ಪರೀಕ್ಷೆ

ಎಂಜಿನ್ನಿನ ಒಳಗೆ ತಿರುಗುವ ಕ್ರ್ಯಾಂಕು ಹಲವು ತುಂಡುಗಳನ್ನು ಬಿಗಿಯಾಗಿ ಒತ್ತಿ ಜೋಡಿಸಿದ್ದು. ಬೇರಿಂಗಿಗೆ ತುಕ್ಕು ಹಿಡಿದಿದ್ದರೆ ಪ್ರೆಸ್ಸಿನಲ್ಲಿಟ್ಟು ಬಿಡಿಸಿ, ಹೊಸದನ್ನು ಹಾಕಿ, ಮತ್ತೆ ಒತ್ತಬೇಕು. ಆಮೇಲೆ ಡಯಲ್ ಗೇಜನ್ನು ಆನಿಸಿ ತಿರುಗಿಸುತ್ತ, ತಾಮ್ರದ ಸುತ್ತಿಗೆಯಿಂದ ಹದವಾಗಿ ಬಡಿದು ನೆಟ್ಟಗೆ ಮಾಡಬೇಕು. ಕೂದಲೆಳೆಯ ಅರ್ಧದಷ್ಟು ಓರೆಯನ್ನೂ ನುರಿತ ಕೈ ಒಪ್ಪುವುದಿಲ್ಲ.

ಎಲ್ಲ ಜೋಡಿಸಿದ ಮೇಲೂ ಅವಸರವಿಲ್ಲ. ಎಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ, ಚದರ ಅಂಗುಲಕ್ಕೆ ಸುಮಾರು 6 ಪೌಂಡಿನ ಒತ್ತಡದಲ್ಲಿ ಗಾಳಿ ತುಂಬಿ ಕೆಲವು ನಿಮಿಷ ಕಾಯುತ್ತಾರೆ. ಮುಳ್ಳು ಇಳಿದರೆ ಎಲ್ಲೋ ಸೀಲು ಸೋರುತ್ತಿದೆ ಎಂದರ್ಥ. ಸೋರುವ ಎಂಜಿನ್ನು ಹೊರಗಿನ ಗಾಳಿಯನ್ನು ಹೀರಿ, ಪೆಟ್ರೋಲೂ ಅದರೊಡನೆ ಬೆರೆತ ಎಣ್ಣೆಯೂ ಸಾಲದೆ ಕಾದು, ವರ್ಷಗಟ್ಟಲೆ ಹುಡುಕಿ ತಂದ ಪಿಸ್ಟನ್ನನ್ನು ಕೆಲವೇ ನಿಮಿಷಗಳಲ್ಲಿ ಕರಗಿಸಿಬಿಡಬಲ್ಲದು.

ಸುಣ್ಣ ಬಳಿದ ಶಿಲ್ಪ

ಈ ವಿದ್ಯೆಯಲ್ಲಿ ನಿಜವಾದ ಕಷ್ಟ ಕೈಗಲ್ಲ, ವಿವೇಕಕ್ಕೆ. ಎಷ್ಟು ಬದಲಾಯಿಸಬೇಕು, ಎಷ್ಟನ್ನು ಹಾಗೆಯೇ ಉಳಿಸಬೇಕು? ನಮ್ಮ ನಾಡಿನಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗುಡಿಯ ಶಿಲ್ಪಗಳಿಗೆ ಸುಣ್ಣ ಬಳಿದು ಉಳಿಯ ಗುರುತನ್ನೇ ಅಳಿಸಿದ ಉದಾಹರಣೆಗಳುಂಟು. ಮಿರಿಮಿರಿ ಮಿಂಚುವಂತೆ ಬಣ್ಣ ಹೊಡೆದು, ಕಾರ್ಖಾನೆಯವರೇ ಕೊಡದಿದ್ದ ಹೊಳಪನ್ನು ಗಾಡಿಗೆ ಕೊಡುವುದೂ ಅದೇ ಜಾತಿಯ ತಪ್ಪು. ಸವಾರನ ಬೂಟು ಉಜ್ಜಿ ಸವೆದ ಚೌಕಟ್ಟಿನ ಬದಿ, ಪಂದ್ಯದ ಹಿಂದಿನ ರಾತ್ರಿ ಯಾರೋ ಅವಸರದಲ್ಲಿ ಹಾಕಿದ ಬೆಸುಗೆ ಇವೆಲ್ಲ ಆ ಗಾಡಿಯ ಜೀವನಚರಿತ್ರೆಯ ಪುಟಗಳು. ಆದರೆ ಸೀಳಿದ ಚೌಕಟ್ಟನ್ನು ಚರಿತ್ರೆಯ ಹೆಸರಿನಲ್ಲಿ ಹಾಗೆಯೇ ಬಿಟ್ಟರೆ ಸವಾರನ ಕೊರಳಿಗೇ ಅಪಾಯ. ಓಡಲಿರುವ ಗಾಡಿಗೂ, ನೋಡಲಿರುವ ಗಾಡಿಗೂ ಒಂದೇ ನ್ಯಾಯ ಸಲ್ಲದು.

ಮೈಸೂರಿನ ದಾಯಾದಿ

ಈ ಕಥೆಗೂ ಕನ್ನಡನಾಡಿಗೂ ಒಂದು ನಂಟಿದೆ. ಸಿ.ಜೆಡ್.ನ ಸೋದರ ಸಂಸ್ಥೆಯಾದ ಜಾವಾದ ಗಾಡಿಗಳು 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದವು. ಬಳಿಕ ಯೆಜ್ಡಿ ಎಂಬ ಹೆಸರು ತಳೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಹೊರಬಂದವು. ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆ, ಕಿಕ್ಕಿಗೂ ಗಿಯರಿಗೂ ಒಂದೇ ಸನ್ನೆ, ಇವನ್ನು ಬಲ್ಲ ಮೆಕ್ಯಾನಿಕ್ಕುಗಳು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಇನ್ನೂ ಇದ್ದಾರೆ. ಮುಖಚರ್ಯೆ ಒಂದೇ ಆದರೂ ಮೈಕಟ್ಟು ಬೇರೆ: ಜಾವಾ 250ರ ಒಳವ್ಯಾಸ 65 ಮಿಲಿಮೀಟರು, ಚಲನೆ 75. ದಾಯಾದಿಯ ಅಂಗಿ ಪಂದ್ಯದ ಗಾಡಿಗೆ ಒಪ್ಪದು. ಆದರೆ ಕ್ರ್ಯಾಂಕನ್ನು ನೆಟ್ಟಗೆ ಮಾಡುವ ಕೈ, ಸದ್ದು ಕೇಳಿಯೇ ಬೇರಿಂಗಿನ ನೋವನ್ನು ಹೇಳುವ ಕಿವಿ ಎರಡಕ್ಕೂ ಒಂದೇ. ಸವೆದ ಭಾಗವನ್ನು ಇನ್ನೊಮ್ಮೆ ಎರಕ ಹೊಯ್ಯಬಹುದು. ಆ ಕೈ, ಆ ಕಿವಿಗಳಿಗೆ ಅಚ್ಚು ಇಲ್ಲ. ಹತ್ತಿರ ಕುಳಿತು ಕಲಿಯುವ ಹುಡುಗನೊಬ್ಬ ಬೇಕು.

ಕೊನೆಗೊಂದು ದಿನ ಗಾಡಿ ಎದ್ದು ನಿಲ್ಲುತ್ತದೆ. ಮೂರು ನಾಲ್ಕು ಕಿಕ್ಕು ವ್ಯರ್ಥವಾಗಿ, ಐದನೆಯದಕ್ಕೆ ನೀಲಿ ಹೊಗೆಯುಗುಳಿ ಗುಡುಗುತ್ತದೆ. ಹರಳೆಣ್ಣೆಯಿಂದ ಮಾಡಿದ ಪಂದ್ಯದ ಎಣ್ಣೆಯ ವಾಸನೆ ಗ್ಯಾರೇಜನ್ನೆಲ್ಲ ತುಂಬುತ್ತದೆ. ನೋಡಲು ಬಂದವರು ಚಪ್ಪಾಳೆ ತಟ್ಟುತ್ತಾರೆ. ಅನುಭವಸ್ಥನಾದ ಕೆಲಸಗಾರ ಮಾತ್ರ ಕೈಯೊರೆಸಿಕೊಂಡು, ಗಾಡಿಯಿಂದ ತೆಗೆದ ಮುರುಕು ಭಾಗಗಳನ್ನೆಲ್ಲ ಚೀಟಿಸಹಿತ ತಗಡಿನ ಪೆಟ್ಟಿಗೆಗೆ ತುಂಬುತ್ತಾನೆ. ಅವನ್ನು ಗುಜರಿಗೆ ಹಾಕುವುದಿಲ್ಲ. ಇನ್ನೊಂದು ಕಣಜದಲ್ಲಿ ಇನ್ನೊಂದು ಗಾಡಿ ಸಿಕ್ಕಿದ ದಿನ ಅಚ್ಚು ತೆಗೆಯಲು ಅವೇ ಬೇಕಾಗುತ್ತವೆ.