ಆಟದ ಕಾರಿನ ಹಾದಿ

ಮಕ್ಕಳಿಗೆಂದು ಆಟದ ಕಾರಿನ ಹಾದಿಯನ್ನು ಕೊಳ್ಳಹೊರಟಾಗ ನಮ್ಮ ಕಣ್ಣನ್ನು ಮೊದಲು ಸೆಳೆಯುವುದು ಅದರ ದೊಡ್ಡ ಬಳೆ. ಇಳಿಜಾರಿನಿಂದ ಧಾವಿಸಿದ ಪುಟ್ಟ ಕಾರು ಅದರೊಳಗೆ ತಲೆಕೆಳಗಾಗಿ ಓಡಿಯೂ ಬೀಳದು. ೧೯೬೮ರಲ್ಲಿ ಅಮೆರಿಕದ ಮ್ಯಾಟೆಲ್ ಸಂಸ್ಥೆ ಹೊರತಂದ ಹಾಟ್ ವೀಲ್ಸ್ ಕಾರುಗಳು ಈ ಆಟವನ್ನು ಪ್ರಸಿದ್ಧಗೊಳಿಸಿದವು.

ಬಳೆಯ ನೆತ್ತಿಯಲ್ಲಿ ಸಾಕಷ್ಟು ವೇಗವಿದ್ದರೆ ಗುರುತ್ವಾಕರ್ಷಣೆಯೆಲ್ಲ ಕಾರಿನ ದಾರಿಯನ್ನು ಬಾಗಿಸುವುದರಲ್ಲಿಯೇ ಸಂದುಹೋಗುತ್ತದೆ. ಅದನ್ನು ಹಾದಿಯಿಂದ ಕೀಳಲು ಏನೂ ಉಳಿಯದು. ಹಾಗಾದರೆ ಕಾರನ್ನು ಎಷ್ಟು ಎತ್ತರದಿಂದ ಬಿಡಬೇಕು? ಘರ್ಷಣೆಯೇ ಇಲ್ಲವೆಂದು ಭಾವಿಸಿದರೆ, ಬಳೆಯ ತ್ರಿಜ್ಯದ ಎರಡೂವರೆ ಪಟ್ಟು: ನೆತ್ತಿಗೇರಲು ಎರಡು, ಅಲ್ಲಿ ಬೇಕಾದ ವೇಗಕ್ಕೆ ಇನ್ನರ್ಧ. ತ್ರಿಜ್ಯ ೧೨ ಸೆಂಟಿಮೀಟರಾದರೆ ಎತ್ತರ ೩೦. ಕಾರಿನ ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲವೆಂಬುದು ಸ್ವಾರಸ್ಯ. ಆದರೆ ಘರ್ಷಣೆಯಿಲ್ಲದ ಹಾದಿ ಪುಸ್ತಕದಲ್ಲಿ ಮಾತ್ರ ಉಂಟು. ಆದುದರಿಂದ ಇಳಿಜಾರು ಇನ್ನೂ ಎತ್ತರವಾಗಿರಬೇಕು. ತುಂಡುಗಳು ಕೂಡುವೆಡೆ ನುಣುಪಾಗಿರಬೇಕು.

ತಮ್ಮನಿಗೋ ತಂಗಿಗೋ ಮೂರು ವರ್ಷ ತುಂಬಿರದಿದ್ದರೆ ಈ ಲೆಕ್ಕವೆಲ್ಲ ಬದಿಗಿರಲಿ. ಆ ವಯಸ್ಸಿನ ಮಗು ಸಿಕ್ಕಿದುದನ್ನು ಬಾಯಿಗಿಡುತ್ತದೆ. ಕಳಚಿದ ಗಾಲಿಯೊಂದು ಶ್ವಾಸನಾಳವನ್ನು ಮುಚ್ಚಿದರೆ ನಿಮಿಷಗಳಲ್ಲಿಯೇ ಪ್ರಾಣಾಪಾಯ. ಇದಕ್ಕಾಗಿಯೇ ಪರೀಕ್ಷಕರು ೩೧.೭ ಮಿಲಿಮೀಟರು ವ್ಯಾಸದ ಕಿರುಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಅಡಗುವ ಬಿಡಿಭಾಗವುಳ್ಳ ಆಟಿಕೆ ಇಂಥ ಮಕ್ಕಳಿಗೆ ಸಲ್ಲದು. ಪೆಟ್ಟಿಗೆಯ ಮೇಲಿನ ವಯಸ್ಸಿನ ಸೂಚನೆಯನ್ನು ನಾವು ಓದದೆ ಕೊಳ್ಳಬಾರದು. ಅಷ್ಟು ಚಿಕ್ಕವರಿಗೆ ಒಂದು ದೊಡ್ಡ ಮರದ ಬಂಡಿಯೂ ಒಂದು ಓರೆ ಹಲಗೆಯೂ ಸಾಕು. ಹಲಗೆಯ ಕೆಳಗೆ ಒಂದೊಂದೇ ಪುಸ್ತಕವನ್ನು ಏರಿಸುತ್ತ ಹೋದರೆ, ಬಂಡಿ ಇನ್ನಷ್ಟು ದೂರ ಓಡುವುದನ್ನು ಮಗು ತಾನೇ ಕಾಣುತ್ತದೆ.