ಪಶು ಲಸಿಕೆ: ದಾಸ್ತಾನು ಪುಸ್ತಕದಲ್ಲಿ ಕಾಣದ ನಷ್ಟ

ಬಿಸಿಲಿನಿಂದ ಸರಕಿಗೆ ಆಗುವ ನಷ್ಟವನ್ನು ನಮ್ಮ ಜಿಲ್ಲೆಯ ವರ್ತಕರಿಗೆ ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ಲಾರಿಗೇರದ ಟೊಮೆಟೊ ಸಂಜೆಯ ವೇಳೆಗೆ ಯಾವ ದರಕ್ಕೆ ಇಳಿಯುತ್ತದೆ ಎಂಬುದು ಕೋಲಾರದ ಪ್ರತಿಯೊಬ್ಬ ಮಂಡಿ ಮಾಲೀಕರಿಗೂ ಗೊತ್ತು. ಶ್ರೀನಿವಾಸಪುರದ ಮಾವಿನ ವ್ಯಾಪಾರಿಗೆ ಒಂದು ದಿನದ ವಿಳಂಬದ ಬೆಲೆ ಗೊತ್ತು. ತಂಪು ಮಾಡದೆ ಇಟ್ಟ ಹಾಲಿನ ಗತಿ ಏನೆಂಬುದು ಮನೆಯ ಮಕ್ಕಳಿಗೂ ಗೊತ್ತು. ಈ ಮೂರೂ ಸರಕುಗಳಲ್ಲಿ ಒಂದು ಸಮಾನ ಗುಣವಿದೆ. ಅವು ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಇಲ್ಲವೇ ಮೂಗಿಗೆ ತಿಳಿಯುತ್ತದೆ.

ಕೆಟ್ಟರೂ ಕೆಟ್ಟಂತೆ ಕಾಣದ ಸರಕೊಂದು ನಮ್ಮ ಮಾರುಕಟ್ಟೆಯಲ್ಲಿದೆ. ಅದು ಪಶು ಲಸಿಕೆ. ಶಾಖಕ್ಕೆ ಸಿಲುಕಿ ಸತ್ವ ಕಳೆದುಕೊಂಡ ಲಸಿಕೆಯ ಬಣ್ಣ ಸಾಮಾನ್ಯವಾಗಿ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ, ಸೀಸೆಯ ಮೇಲಿನ ಅವಧಿಯ ದಿನಾಂಕವೂ ಹಾಗೆಯೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ ಮಾರ್ಚ್ 31ರಂದು ಪಶು ಔಷಧಿ ಮಾರುವ ಕಕ್ಷಿದಾರರೊಬ್ಬರ ಅಂಗಡಿಯಲ್ಲಿ ದಾಸ್ತಾನು ತಪಾಸಣೆಗೆ ಕುಳಿತಿದ್ದೆ. ಪುಸ್ತಕಕ್ಕೂ ಕಪಾಟಿಗೂ ಸಂಪೂರ್ಣ ತಾಳೆಯಾಯಿತು. ಒಂದು ಸೀಸೆಯೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ. ಲಸಿಕೆಗಳನ್ನು ಎಣಿಸಲು ಫ್ರಿಜ್ಜಿನ ಬಾಗಿಲು ತೆರೆದಾಗ ಒಳಗಿನ ದೀಪ ಹತ್ತಲಿಲ್ಲ. "ನಿನ್ನೆ ರಾತ್ರಿಯಿಂದ ಕರೆಂಟ್ ಇಲ್ಲ ಸಾರ್, ಬಂದರೆ ಮತ್ತೆ ತಣ್ಣಗಾಗುತ್ತೆ" ಎಂದರು ಮಾಲೀಕರು. ನಾನು ಪಟ್ಟಿಗೆ ಸಹಿ ಹಾಕಿ ಬಂದೆ. ಅನಂತರ ಪಶುವೈದ್ಯರಾಗಿರುವ ಮಿತ್ರರೊಬ್ಬರು ವಿಷಯವನ್ನು ಕೇಳಿ, ಫ್ರಿಜ್ಜು ತಣ್ಣಗಾಗುತ್ತದೆ, ಆದರೆ ಲಸಿಕೆಯ ಹೋದ ಸತ್ವ ಹಿಂದಿರುಗುವುದಿಲ್ಲ ಎಂದು ವಿವರಿಸಿದರು. ಆ ದಿನ ನಾನು ಪರಿಶೀಲಿಸಿದ್ದು ಸೀಸೆಗಳ ಸಂಖ್ಯೆಯನ್ನು ಮಾತ್ರ, ಅವುಗಳ ಮೌಲ್ಯವನ್ನಲ್ಲ ಎಂಬ ಅರಿವು ನನಗಾಯಿತು. ಈ ಲೇಖನಕ್ಕೆ ಪ್ರೇರಣೆ ಅದೇ.

ನಮ್ಮ ಜಿಲ್ಲೆಗೆ ಇದು ಏಕೆ ಮುಖ್ಯ?

ಸದಾ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಹಳ್ಳಿಯ ಮನೆಗೆ ತಪ್ಪದೆ ನಗದು ತರುವುದು ಹಾಲು ಮತ್ತು ರೇಷ್ಮೆ. ಹಾಲಿನ ಬಟವಾಡೆಯಾದ ದಿನ ಪೇಟೆಯಲ್ಲಿ ವ್ಯಾಪಾರ ಏರುವುದನ್ನು ಕಿರಾಣಿ ಅಂಗಡಿಯವರಿಂದ ಬಟ್ಟೆ ವ್ಯಾಪಾರಿಗಳವರೆಗೆ ಎಲ್ಲರೂ ಬಲ್ಲರು. ಹಸು ಮಲಗಿದರೆ ಅಂಗಡಿಯ ಉದ್ರಿ ಬಾಕಿಯೂ ಮಲಗುತ್ತದೆ.

2013ರಲ್ಲಿ ಕೋಲಾರವೂ ಸೇರಿದಂತೆ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರ ಹಬ್ಬಿ ರಾಜ್ಯದಲ್ಲಿ ಸಾವಿರಾರು ಜಾನುವಾರುಗಳು ಸತ್ತುದನ್ನು ಓದುಗರು ಮರೆತಿರಲಾರರು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಜಾನುವಾರು ಸಂತೆ, ಜಾತ್ರೆಗಳಿಗೆ ತಡೆ ಬಿದ್ದಿತು. ನಮ್ಮದು ಗಡಿ ಜಿಲ್ಲೆ. ಮುಳಬಾಗಿಲು, ಶ್ರೀನಿವಾಸಪುರಗಳ ಆಚೆ ಆಂಧ್ರಪ್ರದೇಶ, ಮಾಲೂರಿನ ಆಚೆ ತಮಿಳುನಾಡು. ದನಕರುಗಳ ಓಡಾಟಕ್ಕೆ ಗಡಿಕಲ್ಲು ಅಡ್ಡಿಯಾಗುವುದಿಲ್ಲ.

ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರಿನಲ್ಲಿ ಕಾಲುಬಾಯಿ ಜ್ವರ ಮತ್ತು ಕಂದು ರೋಗಗಳ ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಐದು ವರ್ಷಗಳಿಗೆ ಅದಕ್ಕೆ ಗೊತ್ತುಮಾಡಿದ್ದ ಮೊತ್ತ 13,343 ಕೋಟಿ ರೂಪಾಯಿ. ಇಷ್ಟು ದೊಡ್ಡ ವೆಚ್ಚದ ಫಲ ಕೊನೆಗೆ ನಿಲ್ಲುವುದು ಹಳ್ಳಿಯ ದಾರಿಯಲ್ಲಿ ಸಾಗುವ ಒಂದು ತಂಪು ಪೆಟ್ಟಿಗೆಯ ಮೇಲೆ. ಇನ್ನು ಕೋಳಿ ಫಾರಂಗಳು, ಖಾಸಗಿ ಡೈರಿಗಳು ಮತ್ತು ಸಾಕುನಾಯಿಗಳಿಗೆ ಬೇಕಾದ ಲಸಿಕೆಗಳು ಬಹುಪಾಲು ನಮ್ಮ ವರ್ತಕರ ಕೈಯಿಂದಲೇ ಹೋಗುತ್ತವೆ.

ಶಾಖದ ಸವಕಳಿ, ಹೆಪ್ಪಿನ ಮುಳುಗಡೆ

ಪಶು ಲಸಿಕೆಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ದುರ್ಬಲಗೊಳಿಸಿದ ಜೀವಂತ ರೋಗಾಣುವನ್ನು ಒಣಗಿಸಿ ಪುಡಿಯಾಗಿಸಿದ ಲಸಿಕೆ. ಆಡು-ಕುರಿಗಳ ಪಿಪಿಆರ್ ಲಸಿಕೆ, ಕರುಗಳಿಗೆ ಹಾಕುವ ಕಂದು ರೋಗದ ಲಸಿಕೆ, ಕೋಳಿಗಳ ಕೊಕ್ಕರೆ ರೋಗಕ್ಕೆ ಬಳಸುವ ಲಸೋಟ ಮುಂತಾದವು ಈ ಗುಂಪಿನವು. ಎರಡನೆಯದು ನಿರ್ಜೀವಗೊಳಿಸಿದ ರೋಗಾಣುವನ್ನು ಎಣ್ಣೆ ಅಥವಾ ಅಲ್ಯೂಮಿನಿಯಂ ಲವಣದೊಡನೆ ಬೆರೆಸಿದ ದ್ರವ ಲಸಿಕೆ. ಕಾಲುಬಾಯಿ ಜ್ವರ ಮತ್ತು ಗಳಲೆ ರೋಗಗಳ ಲಸಿಕೆಗಳು ಈ ಗುಂಪಿನವು. ಅಂಗಡಿಯಲ್ಲಿ ಎರಡಕ್ಕೂ ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವನ್ನು ನಿಗದಿಪಡಿಸಲಾಗಿದೆ.

ಕಾಲುಬಾಯಿ ಜ್ವರದ ಲಸಿಕೆಯನ್ನೇ ತೆಗೆದುಕೊಳ್ಳೋಣ. ಅದರ ಸತ್ವವಿರುವುದು ವೈರಾಣುವಿನ ಇಡಿಯಾದ ಕಣದಲ್ಲಿ. ವಿಜ್ಞಾನಿಗಳು ಇದನ್ನು 146-ಎಸ್ ಕಣವೆನ್ನುತ್ತಾರೆ. ಶಾಖ ತಗುಲಿದಂತೆ ಇದು 12-ಎಸ್ ಎಂಬ ಚೂರುಗಳಾಗಿ ಒಡೆಯುತ್ತದೆ. ಚೂರುಗಳಿಗೆ ರಾಸುವಿನ ದೇಹದಲ್ಲಿ ರೋಗನಿರೋಧಕ ಶಕ್ತಿಯನ್ನು ಹುಟ್ಟಿಸುವ ಬಲ ತೀರ ಕಡಿಮೆ. ಸೀಸೆಯಲ್ಲಿ ದ್ರವದ ಅಳತೆ ಅಷ್ಟೇ ಇರುತ್ತದೆ, ಒಳಗಿನ ಬಂಡವಾಳ ಮಾತ್ರ ಕರಗಿರುತ್ತದೆ.

ಶಾಖದ ಹಾನಿ ಒಟ್ಟುಗೂಡುತ್ತ ಹೋಗುತ್ತದೆ. ಸಾಗಣೆಯಲ್ಲಿ ಎರಡು ಗಂಟೆ, ಅಂಗಡಿಯ ಮೇಜಿನ ಮೇಲೆ ಒಂದು ಗಂಟೆ, ವಿದ್ಯುತ್ ಕಡಿತದಲ್ಲಿ ಒಂದು ರಾತ್ರಿ, ಇವೆಲ್ಲ ಒಂದೇ ಖಾತೆಗೆ ಖರ್ಚು ಬೀಳುತ್ತವೆ. ನಡುವೆ ತಂಪಿಗಿಟ್ಟರೆ ಹಾನಿಯ ವೇಗ ತಗ್ಗುತ್ತದೆಯೇ ಹೊರತು ಆಗಿಹೋದ ಹಾನಿ ಅಳಿಯುವುದಿಲ್ಲ. ಯಂತ್ರದ ಸವಕಳಿಗೂ ಇದಕ್ಕೂ ವ್ಯತ್ಯಾಸವಿಷ್ಟೆ: ಯಂತ್ರದ ಸವಕಳಿಯನ್ನು ನಾವು ಪ್ರತಿ ವರ್ಷ ಪುಸ್ತಕದಲ್ಲಿ ಬರೆಯುತ್ತೇವೆ, ಇದನ್ನು ಯಾರೂ ಬರೆಯುವುದಿಲ್ಲ.

ಹೆಚ್ಚು ತಂಪಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಅಷ್ಟೇ ಅಪಾಯಕರ. ಎಣ್ಣೆ ಅಥವಾ ಅಲ್ಯೂಮಿನಿಯಂ ಲವಣ ಬೆರೆತ ಲಸಿಕೆ ಹೆಪ್ಪುಗಟ್ಟಿದರೆ ಅದರ ಮಿಶ್ರಣವೇ ಒಡೆಯುತ್ತದೆ. ಕರಗಿಸಿ ಎಷ್ಟು ಅಲುಗಿಸಿದರೂ ಮೊದಲಿನಂತಾಗದು. ಶಾಖದ ಹಾನಿ ಸವಕಳಿಯಾದರೆ ಹೆಪ್ಪಿನ ಹಾನಿ ಒಮ್ಮೆಲೇ ಮುಳುಗಿದ ಸಾಲವಿದ್ದಂತೆ. ಒಣಪುಡಿಯ ಲಸಿಕೆಗೆ ಹೆಪ್ಪಿನ ಭಯ ಅಷ್ಟಿಲ್ಲ. ಆದರೆ ದ್ರಾವಣ ಬೆರೆಸಿದ ಕ್ಷಣದಿಂದ ಅದರ ಆಯುಸ್ಸು ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಬೆಳಿಗ್ಗೆ ಬೆರೆಸಿದ್ದನ್ನು ತಂಪಿನಲ್ಲಿಟ್ಟು ಲೇಬಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಮುಗಿಸಬೇಕು. ಉಳಿದುದನ್ನು ಮರುದಿನಕ್ಕೆ ಇಡುವುದು ಉಳಿತಾಯವಲ್ಲ.

ಮಾದರಿಗಳ ವಿಚಾರ

ಲಸಿಕೆ ಪ್ರಯೋಗಾಲಯದಿಂದ ಹಳ್ಳಿಗೆ ಬರುವ ಸರಕಾದರೆ, ರೋಗ ಪತ್ತೆಗಾಗಿ ತೆಗೆದ ರಕ್ತ, ಹಾಲು, ಅಂಗಾಂಶದ ಮಾದರಿಗಳು ಹಳ್ಳಿಯಿಂದ ಪ್ರಯೋಗಾಲಯಕ್ಕೆ ಹೋಗುವ ಸರಕು. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಆರಂಭವಾದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಲಸಿಕೆ ತಯಾರಿಕೆಗೂ ರೋಗ ಪತ್ತೆಗೂ ನಮ್ಮ ಭಾಗಕ್ಕೆ ಆಧಾರ. ಮುಳಬಾಗಿಲಿನಿಂದ ಅಲ್ಲಿಗೆ ಸುಮಾರು ನೂರು ಕಿಲೋಮೀಟರು. ಬೇಸಿಗೆಯ ಮಧ್ಯಾಹ್ನ ವಾಹನದ ಎಂಜಿನ್ ಪಕ್ಕದಲ್ಲಿಟ್ಟ ಡಬ್ಬಿಗೆ ಆ ದಾರಿ ಬಹಳ ದೀರ್ಘವಾದುದು.

ಕೆಚ್ಚಲು ಬಾವಿನ ಪರೀಕ್ಷೆಗೆ ಕಳುಹಿಸುವ ಹಾಲನ್ನು ನೋಡಿ. ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಂಡರೆ, ಐದು ಗಂಟೆಗಳಲ್ಲಿ ಒಂದು 1,024 ಆಗುತ್ತದೆ. ಚಕ್ರಬಡ್ಡಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಲು ಕರೆಯುವಾಗ ಕೈಯಿಂದಲೋ ಪಾತ್ರೆಯಿಂದಲೋ ಸೇರಿದ ಸಾಮಾನ್ಯ ಬ್ಯಾಕ್ಟೀರಿಯಾ ಬೆಳೆದು ನಿಜವಾದ ರೋಗಾಣುವನ್ನು ಮರೆಮಾಡುತ್ತದೆ. ಅದನ್ನು ನಂಬಿ ಕೊಟ್ಟ ಔಷಧಿಗೆ ಹಣವೂ ವ್ಯರ್ಥ, ಹಸುವಿನ ಕೆಚ್ಚಲೂ ವ್ಯರ್ಥ.

ರಕ್ತದ ಮಾದರಿಯಲ್ಲಿ ತಪ್ಪು ಇನ್ನೊಂದು ಬಗೆಯದು. ಇಡೀ ರಕ್ತವನ್ನು ಹೆಪ್ಪುಗಟ್ಟಿಸಿದರೆ ರಕ್ತಕಣಗಳು ಒಡೆದು ಮಾದರಿ ಹಲವು ಪರೀಕ್ಷೆಗಳಿಗೆ ಬಾರದಂತಾಗುತ್ತದೆ. ಅದನ್ನು ತಂಪಿನಲ್ಲಿಟ್ಟು ಬೇಗ ತಲುಪಿಸಬೇಕು. ಬೇರ್ಪಡಿಸಿದ ರಕ್ತಸಾರವನ್ನಾದರೆ ಮೈನಸ್ 20 ಡಿಗ್ರಿಯಲ್ಲಿ ಬಹುಕಾಲ ಇಡಬಹುದು. ಫಾರ್ಮಲಿನ್‌ನಲ್ಲಿ ಹಾಕಿದ ಅಂಗಾಂಶಕ್ಕೆ ಮಂಜುಗಡ್ಡೆ ಬೇಡ, ಹೆಪ್ಪುಗಟ್ಟಿದರೆ ಅದು ಹಾಳು. ಕಾಲುಬಾಯಿ ಜ್ವರದ ವೈರಾಣುವಿಗೆ ಆಮ್ಲ ಆಗದು, ಆದ್ದರಿಂದ ನಾಲಿಗೆಯ ಹುಣ್ಣಿನ ತುಣುಕನ್ನು ಸರಿಯಾದ ಗ್ಲಿಸರಿನ್ ದ್ರಾವಣದಲ್ಲಿಟ್ಟು ತಂಪಾಗಿ ಒಯ್ಯಬೇಕು.

ಕೆಟ್ಟ ಮಾದರಿಯ ಅತಿ ದೊಡ್ಡ ಅಪಾಯವೆಂದರೆ "ರೋಗ ಕಂಡುಬಂದಿಲ್ಲ" ಎಂಬ ವರದಿ. ರೋಗವಿಲ್ಲದಿರುವುದಕ್ಕೂ, ದಾರಿಯಲ್ಲಿ ರೋಗಾಣು ಸತ್ತುಹೋದುದಕ್ಕೂ ಕೆಲವೊಮ್ಮೆ ಕಾಗದದ ಮೇಲೆ ಒಂದೇ ಉತ್ತರ ಬರುತ್ತದೆ. ಆ ಉತ್ತರವನ್ನು ನಂಬಿ ಸಂತೆ ನಡೆದರೆ ಹೊಣೆ ಯಾರದು?

ಲೆಕ್ಕಪತ್ರ ಮತ್ತು ಕಾನೂನಿನ ದೃಷ್ಟಿಯಲ್ಲಿ

ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 1940ರ ಪ್ರಕಾರ ಪ್ರಾಣಿಗಳಿಗೆ ಬಳಸುವ ಔಷಧಿಯೂ ಔಷಧಿಯೇ. ಲಸಿಕೆಗಳು ಅನುಸೂಚಿ ಸಿ ಪಟ್ಟಿಗೆ ಸೇರಿದವು. ಇವುಗಳ ಚಿಲ್ಲರೆ ಮಾರಾಟಕ್ಕೆ ನಮೂನೆ 21ರ, ಸಗಟು ಮಾರಾಟಕ್ಕೆ ನಮೂನೆ 21-ಬಿಯ ಪರವಾನಗಿ ಬೇಕು. ಸರಿಯಾದ ತಂಪು ವ್ಯವಸ್ಥೆಯಿಲ್ಲದೆ ಇವನ್ನು ಮಾರುವುದು ಪರವಾನಗಿಯನ್ನೇ ಅಪಾಯಕ್ಕೆ ಒಡ್ಡಿದಂತೆ.

ಲೆಕ್ಕ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಕೆಟ್ಟ ಲಸಿಕೆಗೆ ಬರಬಹುದಾದ ಬೆಲೆ ಸೊನ್ನೆ. ಅದನ್ನು ಕೊಂಡ ಬೆಲೆಗೆ ತೋರಿಸಿದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ.

ಇನ್ನು ಜಿಎಸ್‌ಟಿ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ ಕಲಂ 17(5)(ಎಚ್) ಅನ್ವಯ ನಾಶವಾದ ಅಥವಾ ಲೆಕ್ಕದಿಂದ ಕೈಬಿಟ್ಟ ಸರಕಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಮೊದಲೇ ಪಡೆದಿದ್ದರೆ ಹಿಂದಿರುಗಿಸಬೇಕು. ಹಾಗಾಗಿ ನಷ್ಟ ಸರಕಿನ ಬೆಲೆಗೆ ನಿಲ್ಲದೆ ತೆರಿಗೆಗೂ ವ್ಯಾಪಿಸುತ್ತದೆ. ಸಾಮಾನ್ಯ ಬೆಂಕಿ ವಿಮೆಯೂ ವಿದ್ಯುತ್ ಕಡಿತದಿಂದ ಕೆಟ್ಟ ಸರಕಿಗೆ ನೆರವಾಗುತ್ತದೆಂದು ಭಾವಿಸಬಾರದು. ದಾಸ್ತಾನು ಕೆಡುವಿಕೆಗೆ ಪ್ರತ್ಯೇಕ ವಿಮೆಯಿದೆ. ನಿಮ್ಮ ವಿಮಾ ಪ್ರತಿನಿಧಿಯನ್ನು ವಿಚಾರಿಸಿ ಷರತ್ತುಗಳನ್ನು ಓದಿಕೊಳ್ಳಿ.

ವರ್ತಕರು ಅನುಸರಿಸಬಹುದಾದ ಕ್ರಮಗಳು

1. ಫ್ರಿಜ್ಜಿನೊಳಗೆ ಗರಿಷ್ಠ-ಕನಿಷ್ಠ ಉಷ್ಣಾಂಶ ತೋರಿಸುವ ಥರ್ಮಾಮೀಟರ್ ಇಡಿ. ಬೆಳಿಗ್ಗೆ ಮತ್ತು ಸಂಜೆ ನೋಡಿ ಒಂದು ಪುಸ್ತಕದಲ್ಲಿ ಬರೆದು ಸಹಿ ಮಾಡಿ.

2. ಲಸಿಕೆಯನ್ನು ಬಾಗಿಲಿನ ಅರೆಯಲ್ಲಿ ಇಡಬೇಡಿ, ಅಲ್ಲಿ ಶಾಖ ಹೆಚ್ಚು. ಐಸ್ ಪೆಟ್ಟಿಗೆಗೆ ತಾಗಿಸಿಯೂ ಇಡಬೇಡಿ. ಆ ಫ್ರಿಜ್ಜಿನಲ್ಲಿ ಊಟದ ಡಬ್ಬಿ, ತಂಪು ಪಾನೀಯಗಳಿಗೆ ಸ್ಥಳವಿಲ್ಲ.

3. ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನಿಡಿ. ವಿದ್ಯುತ್ ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ವ್ಯಾಪಾರ ದೊಡ್ಡದಿದ್ದರೆ ಇದಕ್ಕೆಂದೇ ತಯಾರಾದ ಐಸ್ ಲೈನ್ಡ್ ಫ್ರಿಜ್ಜು ಕೊಳ್ಳುವುದು ಮೇಲು.

4. ಮೊದಲು ಬಂದದ್ದು ಮೊದಲು ಹೋಗಲಿ ಎಂಬ ನಿಯಮ ಇಲ್ಲಿ ಸಾಲದು. ಯಾವುದರ ಅವಧಿ ಮೊದಲು ಮುಗಿಯುತ್ತದೆಯೋ ಅದು ಮೊದಲು ಹೋಗಬೇಕು.

5. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಕೂಡಲೇ ಲಸಿಕೆಯ ಪಕ್ಕದಲ್ಲಿಡಬೇಡಿ. ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಟ್ಟು ಅನಂತರ ಪೆಟ್ಟಿಗೆಗೆ ಹಾಕಿ.

6. ಸರಕು ಬಂದ ಕೂಡಲೇ ಪೆಟ್ಟಿಗೆಯ ತಂಪನ್ನು ಪರೀಕ್ಷಿಸಿ ಬಿಲ್ಲಿನ ಮೇಲೆಯೇ ಬರೆಯಿರಿ. ಬಿಸಿಯಾಗಿ ಬಂದ ಸರಕನ್ನು ಸ್ವೀಕರಿಸಿ ಅನಂತರ ದೂರಿದರೆ ಪ್ರಯೋಜನವಿಲ್ಲ.

7. ಸಂಶಯ ಬಂದ ಸೀಸೆಯನ್ನು ಪ್ರತ್ಯೇಕವಾಗಿಟ್ಟು ತಯಾರಕರನ್ನೋ ಪಶುವೈದ್ಯರನ್ನೋ ಕೇಳಿ. ಮಾರಬೇಡಿ.

ಸಣ್ಣ ಕೈಗಾರಿಕೆಗಳಿಗೆ ಇಲ್ಲಿ ಅವಕಾಶವೂ ಇದೆ. ಉತ್ತಮ ತಂಪು ಪೆಟ್ಟಿಗೆ, ಐಸ್ ಪ್ಯಾಕ್, ಇನ್ವರ್ಟರ್, ಉಷ್ಣಾಂಶ ದಾಖಲಿಸುವ ಸಾಧನ, ಬೆಂಗಳೂರಿಗೆ ನಿಗದಿತ ವೇಳೆಯಲ್ಲಿ ಹೊರಡುವ ತಂಪು ಸಾಗಣೆ, ಇವೆಲ್ಲ ಕೋಲಾರ, ಮಾಲೂರಿನ ಉದ್ಯಮಿಗಳ ಶಕ್ತಿಗೆ ಮೀರಿದವಲ್ಲ. ಆರೂ ತಾಲ್ಲೂಕುಗಳ ಪಶು ಔಷಧಿ ವರ್ತಕರು ಸೇರಿ ಮಾದರಿಗಳಿಗಾಗಿ ವಾರದಲ್ಲಿ ಗೊತ್ತಾದ ದಿನಗಳಂದು ಒಂದೇ ವಾಹನ ಏರ್ಪಡಿಸಿಕೊಂಡರೆ ತಲಾ ಖರ್ಚು ಹಗುರವಾದೀತು. ನಮ್ಮ ಮಂಡಳಿ ಈ ಬಗ್ಗೆ ಒಂದು ಸಭೆ ಕರೆಯಬೇಕೆಂದು ಸೂಚಿಸಬಯಸುತ್ತೇನೆ.

ದೊಡ್ಡ ರೋಗವೆಂದು ನಮ್ಮ ಹಿರಿಯರು ಹೆದರುತ್ತಿದ್ದ ರಿಂಡರ್‌ಪೆಸ್ಟ್ 2011ರಲ್ಲಿ ಇಡೀ ಜಗತ್ತಿನಿಂದ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಆಫ್ರಿಕದ ಬಿಸಿ ನಾಡುಗಳಲ್ಲಿ ಆ ಗೆಲುವಿಗೆ ನೆರವಾದವುಗಳಲ್ಲಿ ಶಾಖವನ್ನು ತಾಳುವಂತೆ ಸಿದ್ಧಪಡಿಸಿದ ಲಸಿಕೆಯೂ ಒಂದು. ನಮ್ಮ ಎಲ್ಲ ಲಸಿಕೆಗಳಿಗೂ ಅಂಥ ತಾಳಿಕೆ ಬರುವವರೆಗೆ ಥರ್ಮಾಮೀಟರ್ ಮತ್ತು ಅದರ ಪಕ್ಕದ ಪುಸ್ತಕವೇ ನಮಗೆ ಗತಿ.

ಮೇಲೆ ಹೇಳಿದ ಅಂಗಡಿಗೆ ಈಗಲೂ ಪ್ರತಿ ಮಾರ್ಚ್ 31ರಂದು ಹೋಗುತ್ತೇನೆ. ಸೀಸೆಗಳನ್ನು ಎಣಿಸುವ ಮೊದಲು ಉಷ್ಣಾಂಶದ ಪುಸ್ತಕವನ್ನು ಕೇಳುತ್ತೇನೆ. ಮಾಲೀಕರು ಅದನ್ನು ಈಗ ನಗದು ಪುಸ್ತಕದ ಪಕ್ಕದಲ್ಲಿಯೇ ಇಟ್ಟುಕೊಂಡಿದ್ದಾರೆ.